ನೊಮಾಲಂಗ ಅತ್ತೆಯ ಕ್ಷೇಮ ಸಮಾಚಾರ

ಲೇಡೀಸ್ ಹಾಸ್ಟೆಲ್, ಮ್ಥಾಥಾ
5 ಜೂನ್ 2024

ನನ್ನ ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಡರ್ಬನ್ ಬಂದರಿನ ಗಾಳಿಗೆ ಕೆಮ್ಮು ಮತ್ತೆ ಶುರುವಾಯಿತಾ? ಅಜ್ಜಿ ಹೆಣೆದ ಟೋಪಿ ಹಾಕಿಕೊಳ್ಳಿ, ನಾಚಿಕೆ ಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ, ಲಾ ಮೊದಲ ವರ್ಷದ ಪರೀಕ್ಷೆಯ ಟೆನ್ಷನ್‌ಗೆ ಉಗುರೆಲ್ಲ ಕಚ್ಚಿ ಮುಗಿಸಿದ್ದೇನೆ. ಇಲ್ಲಿಯ ಮೆಸ್ಸಿನವರು ಬೇಯಿಸಿದ ಮೆಕ್ಕೆಜೋಳದ ಹುಡಿಗೆ ಹುಳಿ ಹಾಲಿನ ಬದಲು ಪ್ಯಾಕೆಟ್ ಮೊಸರು ಸುರಿಯುತ್ತಾರೆ. ಅಜ್ಜಿಗೆ ಹೇಳಬೇಡಿ, ಬಂದು ಜಗಳ ಆಡಿಯಾಳು.

ಸುದ್ದಿ ಕೇಳಿದಿರಲ್ಲ? ನಮ್ಮ ಗಿಡವನ್ನು ಮನೆಮಟ್ಟಿಗೆ ಬೆಳೆದರೆ, ಸೇದಿದರೆ ಅಪರಾಧವಲ್ಲ ಅಂತ ದೇಶಕ್ಕೆಲ್ಲ ಒಂದೇ ಕಾಯಿದೆ. ಅಧ್ಯಕ್ಷರ ಸಹಿಯೂ ಬಿತ್ತು. ಮಾರುವುದು ಮಾತ್ರ ಈಗಲೂ ತಪ್ಪೇ. "ಓಟಿನ ಹಿಂದಿನ ದಿನವೇ ಬುದ್ಧಿ ಬಂತೇನೋ ಮಹಾರಾಯನಿಗೆ!" ಅಂತ ಅಜ್ಜಿ ರೇಡಿಯೋಗೇ ಬೈದಳಂತೆ.

ನನಗೆ ನೆನಪಾದದ್ದು ನೊಮಾಲಂಗ ಅತ್ತೆ. ನಾನು ಮೊದಲು ಓದಿದ ಮಿಷನ್ ಶಾಲೆಯ ಹಾಸ್ಟೆಲ್‌ನಲ್ಲಿ ವಾರ್ಡನ್ ಸಿಸ್ಟರ್ ಕಾಗದ ಒಡೆದು ಓದುತ್ತಾರೆಂದು ನೀವು ಗಿಡಕ್ಕಿಟ್ಟ ಹೆಸರು. ಇಲ್ಲದ ಅತ್ತೆ! "ಅತ್ತೆ ನನಗಿಂತ ಎತ್ತರ ಆಗಿದ್ದಾಳೆ" ಅಂತ ಬರೆಯುತ್ತಿದ್ದಿರಿ. ಓದಿದರೆ ಸಾಕು, ಇಳಿಜಾರಿನ ನಮ್ಮ ಹೊಲ, ಹೊಳೆಯ ಸದ್ದು, ನಿಮ್ಮ ಅಂಗಿಯ ಆ ಹಸಿ ವಾಸನೆ ಎಲ್ಲ ನನ್ನ ಮಂಚದ ಪಕ್ಕಕ್ಕೇ ಬಂದುಬಿಡುತ್ತಿದ್ದವು. ಪೊಲೀಸರ ಹೆಲಿಕಾಪ್ಟರ್ ವಿಷ ಸಿಂಪಡಿಸಿದ ವರ್ಷ "ಅತ್ತೆ ಹಳದಿಯಾಗಿ ಮಲಗಿದ್ದಾಳೆ" ಅಂತ ಬಂತು. ಪಾಪ, ಸಿಸ್ಟರ್ ಕಣ್ಣೊರೆಸಿಕೊಂಡು ಇಡೀ ಶಾಲೆಯನ್ನೇ ಮಂಡಿಯೂರಿಸಿ ಪ್ರಾರ್ಥನೆ ಮಾಡಿಸಿದರು. ಮುಂದಿನ ವರ್ಷದ ಕಾಗದದಲ್ಲಿ ಏನಿತ್ತು ಗೊತ್ತಾ? "ಅತ್ತೆಯನ್ನು ಕತ್ತರಿಸಿ ಅಟ್ಟದ ಮೇಲೆ ಒಣಗಲು ಹಾಕಿದ್ದೇವೆ." ಅಪ್ಪಾ, ಕೂದಲು ಅನ್ನೋ ಪದ ಬಿಟ್ಟಿದ್ದಿರಿ! "ಎಂಥಾ ಜನಾನೇ ನೀವು!" ಅಂತ ಸಿಸ್ಟರ್ ಕಿರುಚಿದರು. ನಾನು "ಕೂದಲು ಸಿಸ್ಟರ್, ಕೂದಲು" ಅಂತ ತೊದಲಿದೆ.

ಅದೇ ಅಟ್ಟದಲ್ಲಿ ಒಣಗಿಸಿ ತುಂಬಿಟ್ಟ ಚೀಲಕ್ಕೆ ತಾನೇ ಆಮೇಲೆ ಪೊಲೀಸರು ಬಂದದ್ದು, ನೀವು ಹೊಳೆ ದಾಟಿ ಓಡಿದ್ದು. ಅಂದಿನಿಂದ ಕಾಗದದಲ್ಲಿ ಅತ್ತೆಯೂ ಇಲ್ಲ, ಮನೆಯಲ್ಲಿ ನೀವೂ ಇಲ್ಲ. ಭಾನುವಾರ ಫೋನ್ ಮಾಡಿದರೆ ಅಜ್ಜಿಯದು ಒಂದೇ ಪ್ರಶ್ನೆ: "ಲಾ ಓದ್ತೀಯಲ್ಲೇ, ಹೇಳು, ನನ್ನ ಮಗ ಮನೆಗೆ ಬರಬಹುದೋ ಇಲ್ಲವೋ?"

ಅವಳ ಆಶೀರ್ವಾದ, ನನ್ನ ನಮಸ್ಕಾರ. ಎದೆಗೆ ಬೆಚ್ಚಗೆ ಹೊದ್ದುಕೊಳ್ಳಿ.

ನಿಮ್ಮ ಮಗಳು,
ಲುಸಾಂಡಾ

ತಾ.ಕ.: ಕಾಗದ ಒಯ್ಯುವ ಟ್ಯಾಕ್ಸಿಯವನು ಹಾರ್ನ್ ಹೊಡೀತಿದ್ದಾನೆ. ಉಚಿತ ಕಾನೂನು ನೆರವು ಕೇಂದ್ರದ ವಕೀಲ ಮೇಡಂಗೆ ನಿಮ್ಮ ಕೇಸು ಹೇಳಿದೆ. "ಬರಲಿ, ಠಾಣೆಗೆ ನಾನೇ ಜೊತೆಗೆ ಹೋಗ್ತೀನಿ. ಬಚ್ಚಿಟ್ಟುಕೊಂಡದ್ದು ಸಾಕು" ಅಂದರು. ಗ್ಯಾರಂಟಿ ಕೊಡಲಿಲ್ಲ. ನನಗೂ ಭಯವೇ. ಆದರೆ ಇಷ್ಟು ವರ್ಷ ನಾವು ಯಾರೂ ಕಾಗದದಲ್ಲಿ ಬರೆಯದ ಪದವನ್ನು ಈಗ ಬರೆಯುತ್ತೇನೆ, ನೋಡಿ: ಗಾಂಜಾ. ಬರೆದಾಯಿತು. ಏನೂ ಆಗಲಿಲ್ಲ. ಮನೆಗೆ ಬನ್ನಿ, ಅಪ್ಪಾ.