ಅದಲುಬದಲಾದ ಬ್ರೇಕು

ಅಣ್ಣಾ,

ನೀನು ಸತ್ತು ವರ್ಷವಾದರೂ ನನ್ನನ್ನು ಬೀಳಿಸುವುದು ಬಿಟ್ಟಿಲ್ಲ. ಬದುಕಿದ್ದಾಗ ಮುಟ್ಟಗೊಡದ ನಿನ್ನ ಗುಡ್ಡ ಹತ್ತುವ ಸೈಕಲ್ಲನ್ನು ಇವತ್ತು ಬೆಳಿಗ್ಗೆ ಹಟಕ್ಕೇ ಹೊರತೆಗೆದೆ. ಹೊಳೆಯ ದಂಡೆ ಹಿಡಿದು ಹೋಗಿ ಹಳೇ ಕೋಟೆಯವರೆಗೂ ಹತ್ತಿದೆ. ಇಳಿಯುವಾಗ ಹಿಂದಿನ ಬ್ರೇಕೆಂದು ಹಿಡಿದದ್ದು ಮುಂದಿನದಾಗಿತ್ತು. ಕೋಟೆ ಬಾಗಿಲ ಕಲ್ಲಿನ ಮೇಲೆ ಬಿದ್ದು ಮೊಣಕೈ ತರಚಿತು.

ತಳ್ಳಿಕೊಂಡು ಅಂಗಡಿಗೆ ಒಯ್ದಾಗ ಸೈಕಲ್ ರಿಪೇರಿಯವನು ನಕ್ಕ. “ನಿಮ್ಮಣ್ಣ ಎಡಚ ಅಲ್ವಾ, ಬ್ರೇಕು ಅದಲುಬದಲು ಮಾಡಿಸ್ಕೊಂಡಿದ್ರು. ತಮ್ಮ ಎಲ್ಲಾದ್ರೂ ಬಿದ್ದಾನು ಅಂತ್ಲೇ ನಿಮ್ಗೆ ಕೊಡ್ತಿರ್ಲಿಲ್ಲ.”

ಅದನ್ನು ನನಗೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹನ್ನೆರಡು ವರ್ಷ ನಿನ್ನನ್ನು ಜಿಪುಣನೆಂದು ಊರ ಮುಂದೆ ಆಡಿಕೊಂಡೆ. ಮಾತು ಬಿಟ್ಟದ್ದೂ ಅದಕ್ಕೇ.

“ಮೊದಲಿನ ಹಾಗೆ ಮಾಡಿಕೊಡ್ಲಾ?” ಎಂದು ರಿಪೇರಿಯವನು ಕೇಳಿದ.

ಬೇಡ, ನನ್ನ ಕೈಗೇ ರೂಢಿಯಾಗಲಿ ಎಂದೆ.