ಎಡಗಡೆ ನಡೆದದ್ದು, ಬಲಗಡೆ ಹೇಳುವುದು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಆಫೀಸಿನಲ್ಲಿ ಮೂರು ವಿಷಾದ ಪತ್ರ, ಒಂದು ಸ್ಪಷ್ಟನೆ. ಗಾಯಕಿಯ ನಾಯಿ ಪಕ್ಕದ ಮನೆಯ ಡಾಕ್ಟರ ಕಾಲು ಕಚ್ಚಿದ್ದಕ್ಕೆ ಒಂದು ವಿಷಾದ. ಹಾಸ್ಯನಟ ಹುಷಾರಿಲ್ಲವೆಂದು ಒಂದು ಮದುವೆ ತಪ್ಪಿಸಿ, ಅದೇ ದಿನ ಇನ್ನೊಂದು ಮದುವೆಯ ಫೋಟೋದಲ್ಲಿ ಕುಣಿಯುತ್ತ ಸಿಕ್ಕಿಬಿದ್ದದ್ದಕ್ಕೆ ಇನ್ನೊಂದು. ಮೂರನೆಯದು ಯಾರದ್ದೋ... ನೆನಪಿಗೇ ಬರುತ್ತಿಲ್ಲ. ಬರೆದದ್ದಂತೂ ನಾನೇ. "ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ" — ಟೈಪ್ ಮಾಡಿ ಮಾಡಿ ಬೆರಳಿಗೇ ಬಾಯಿಪಾಠ. ಆಗಿದ್ದಲ್ಲಿ ಏನು ಬಂತು? ಆಗಿದೆ ಕಣಪ್ಪಾ. ನಾಯಿ ಕಚ್ಚಿದೆ. ನಾಲ್ಕು ಹೊಲಿಗೆ ಬಿದ್ದಿದೆ.

ಮೇಡಂ ಕೈಲಿ ಬೈಸಿಕೊಂಡದ್ದೂ ಆಯಿತು. ಹಾಸ್ಯನಟನ ಹಾಳೆಯಲ್ಲಿ ಎಡಗಡೆ ಖಾಲಿ ಬಿಟ್ಟು ನೇರ ಬಲಗಡೆ ಬರೆದಿದ್ದೆ. ಸಿನಿಮಾದವರ ಹೆಸರು ಕಾಯುವ ನಮ್ಮ ಆಫೀಸಿನಲ್ಲಿ ಅದು ಮಹಾಪರಾಧ. ಪ್ರತಿ ರಗಳೆಗೂ ಒಂದು ಹಾಳೆ, ನಡುವೆ ಒಂದು ಗೆರೆ. ಎಡಗಡೆ ನಡೆದದ್ದು — ಕ್ಲೈಂಟ್ ಬಾಯಲ್ಲಿ ಬಂದ ಹಾಗೇ, ನಾನು ಹೀಗೆ ಮಾಡಿದೆ, ಹಾಗೆ ಮಾಡಿದೆ ಎಂದು. ಬಲಗಡೆ ಹೊರಗೆ ಹೇಳುವುದು. ಆಮೇಲೆ ಗೆರೆಗುಂಟ ಕತ್ತರಿಸಬೇಕು. ಬಲಗಡೆಯದು ಕ್ಲೈಂಟ್ ಕೈಗೆ, ಎಡಗಡೆಯದು ಕಾಗದ ಚೂರು ಮಾಡುವ ಷ್ರೆಡರ್ ಬಾಯಿಗೆ. ಕಂಪ್ಯೂಟರಿನಲ್ಲಿ ಒಂದಕ್ಷರ ಇಡುವಂತಿಲ್ಲ.

"ಏನು ಮುಚ್ಬೇಕು ಅಂತ್ಲೇ ಗೊತ್ತಿಲ್ದೆ ಹೇಗ್ ಮುಚ್ತೀಯ?" ಎಂದರು ಮೇಡಂ. ಹನ್ನೊಂದು ವರ್ಷದಿಂದ ಇದೇ ಪಾಠ. ತಲೆ ಚಿಟ್ಟುಹಿಡಿಯಿತು.

ಮಾರ್ಚ್ 5, ಬುಧವಾರ, ಬೆಳಿಗ್ಗೆ 10

ಎಲ್ಲರ ಫೋನಿನಲ್ಲೂ ಹನ್ನೊಂದು ಸೆಕೆಂಡಿನ ಕ್ಲಿಪ್. ಶೂಟಿಂಗ್ ಜಾಗದ ಮೇಕಪ್ ರೂಮ್. ಕನ್ನಡಿ ಮುಂದೆ ಮರಿ ಕೂತಿದ್ದಾನೆ. ಎದ್ದ. ಕೈ ಬೀಸಿದ. ಹೆಂಗಸೊಬ್ಬಳು ಪಕ್ಕಕ್ಕೆ ವಾಲಿದಳು, ಪೌಡರ್ ಡಬ್ಬಿ ಉರುಳಿತು. ಅವಳ ಮುಖ ಕಾಣುವುದಿಲ್ಲ. ಬೆನ್ನು ಮಾತ್ರ.

ಮರಿ ಎಂದರೆ ನಮ್ಮ ಅತಿ ದೊಡ್ಡ ಕ್ಲೈಂಟ್. ನಲವತ್ತೇಳು ವರ್ಷದ ಹೀರೋ. ಪ್ರತಿ ಮೀಟಿಂಗಿಗೂ ಅವನ ತಾಯಿ ಜೊತೆಯಲ್ಲೇ ಬಂದು "ಮರಿ, ಟೀ ಆರೋಗುತ್ತೆ, ಕುಡಿ" ಅನ್ನುತ್ತಾರೆ. ಹಾಗಾಗಿ ಬೆನ್ನ ಹಿಂದೆ ಆಫೀಸಿಗೆಲ್ಲ ಅವನು ಮರಿಯೇ.

ಆ ಹೆಂಗಸಿನ ಮುಖ ನನಗೆ ಬೇಕಾಗಿಲ್ಲ. ಆ ಬೆನ್ನ ಮೇಲೆ ಕೂತು ಬೀದಿಯೆಲ್ಲ ಸುತ್ತಿದವಳು ನಾನು. ಮರಿಗೆ ಒಂಬತ್ತು ವರ್ಷದಿಂದ ಮೇಕಪ್ ಮಾಡುತ್ತಿರುವವಳು ನನ್ನ ಅಕ್ಕ.

ಫೋನ್ ಎತ್ತುತ್ತಿಲ್ಲ.

ಮಧ್ಯಾಹ್ನ 3

ಮೇಡಂ ಒಳಗೆ ಕರೆದು ಬಾಗಿಲು ಹಾಕಿದರು.

"ನಿನ್ನ ಅಕ್ಕನೇ ಅಲ್ವಾ ಅದು? ಸದ್ಯ! ಬೇರೆ ಯಾರೋ ಆಗಿದ್ರೆ ಎಷ್ಟು ಒದ್ದಾಡ್ಬೇಕಿತ್ತು."

ಸದ್ಯವಂತೆ! ಮೈಯೆಲ್ಲ ಉರಿದುಹೋಯಿತು. ಏನು ಹೇಳಿದೆ? "ಹೌದು ಮೇಡಂ" ಅಂದೆ. ಅಷ್ಟೇ ಅಂದದ್ದು.

ಸಂಜೆ 7

ಅಕ್ಕನ ಮನೆಯಿಂದ ಈಗ ಬಂದೆ. ಎಡ ಕೆನ್ನೆ ಊದಿದೆ. ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಂತೆ. ನಡೆದದ್ದು ಇಷ್ಟು: ಮರಿಗೆ ಈ ಸಿನಿಮಾದಲ್ಲಿ ಇಪ್ಪತ್ತೈದರ ಹುಡುಗನ ಪಾತ್ರ, ಹೊಸ ವಿಗ್. ಬೆವರಿದರೆ ಹಣೆ ಹತ್ತಿರ ಅಂಚು ಎದ್ದು ಕಾಣುತ್ತದೆ, ಇನ್ನೊಂದು ಸಲ ಅಂಟಿಸುತ್ತೇನೆ ಅಂದಳು ಅಕ್ಕ. ಹೊಸ ನಾಯಕಿ ಅಲ್ಲೇ ಇದ್ದಳು, ಕಿಸಕ್ಕೆಂದಳು. ನಕ್ಕವಳು ಅವಳು, ಏಟು ಇವಳಿಗೆ.

"ನಂಗೆ ಪೇಪರ್ನಲ್ಲಿ ಏನೂ ಬೇಡ ಕಣೇ. ಟೀವೀಲೂ ಬೇಡ. ಆ ರೂಮಲ್ಲಿ ಆರು ಜನ ಇದ್ರು. ಆ ಆರು ಜನದ ಮುಂದೆ ಬಂದು, ತಪ್ಪಾಯ್ತು ಅಂದ್ರೆ ಸಾಕು. ನಾನು ನಾಳೆಯಿಂದ ಅವರ ಮುಂದೆ ಮುಖ ಎತ್ಕೊಂಡು ಕೆಲಸ ಮಾಡ್ಬೇಕಲ್ಲ."

ಅಷ್ಟೇ ಕೇಳಿದ್ದು. ಅದೊಂದೇ ನಮ್ಮ ಆಫೀಸಿನಲ್ಲಿ ಸಿಗದ ಮಾಲು.

ಮಾರ್ಚ್ 6, ಗುರುವಾರ

ಮರಿಯ ಮನೆಯಲ್ಲಿ ಮೀಟಿಂಗ್. ಸೋಫಾದ ಒಂದು ತುದಿಗೆ ಮರಿ, ಇನ್ನೊಂದು ತುದಿಗೆ ತಾಯಿ, ನಡುವೆ ಬೆಕ್ಕು.

"ಸೊಳ್ಳೆ ಓಡಿಸೋಕೆ ಕೈ ಎತ್ತಿದಾನೆ ನನ್ನ ಮಗ. ಅವಳೇ ಅಡ್ಡ ಬಂದಿದ್ದು," ಎಂದರು ತಾಯಿ.

ಮೇಡಂ ಗಂಭೀರವಾಗಿ ಬರೆದುಕೊಂಡರು. ಸೊಳ್ಳೆ! ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿ ಹಾಳೆಗೆ ಗೆರೆ ಎಳೆದೆ. ತಾಯಿ ಫೋನಿಗೆಂದು ಒಳಗೆ ಹೋದಾಗ ಮರಿ ಎಲ್ಲ ಒಪ್ಪಿಕೊಂಡ. ಅವನು ಹೇಳಿದ, ನಾನು ಎಡಗಡೆ ಬರೆದೆ. ನನ್ನ ಅಕ್ಕನಿಗೆ ಹೊಡೆದದ್ದನ್ನು ನನ್ನ ಕೈಯಲ್ಲೇ, ದುಂಡಗೆ.

ಬಲಗಡೆಗೆ ಮೇಡಂ ಕಥೆ: ಅದು ರಿಹರ್ಸಲ್. ಹೊಡೆದಾಟದ ದೃಶ್ಯಕ್ಕೆ ಅಭ್ಯಾಸ. ಮೇಕಪ್ ಹೆಂಗಸು ಸಹಾಯಕ್ಕೆ ನಿಂತಿದ್ದಳು. ಅದಕ್ಕೆ ಅಕ್ಕನ ಸಹಿ ಬೇಕು.

"ಸೋಮವಾರ ಪ್ರೆಸ್‌ಮೀಟ್. ಏನ್ ಹೇಳ್ಬೇಕು ಬರ್ಕೊಡಿ, ಓದ್ತೀನಿ," ಎಂದ ಮರಿ. ಮುಂಚೆ ಒಂದು ಸಲ ಓದಿಕೊಳ್ಳಿ ಸಾರ್ ಎಂದೆ. ಬೇಡವಂತೆ. ಮೊದಲೇ ಓದಿದರೆ ಫೀಲ್ ಹೋಗುತ್ತದಂತೆ.

ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ — ಅವನು ಅಕ್ಕನ ಹತ್ತಿರ ಬಂದು ತಪ್ಪಾಯ್ತು ಅಂತಾನಾ? "ಪ್ರೆಸ್‌ಮೀಟ್ ಆಗ್ಲಿ, ಮಾರನೇ ದಿನ ನಾನೇ ಕರ್ಕೊಂಡ್ ಹೋಗ್ತೀನಿ," ಎಂದರು ಮೇಡಂ. ಹೇಳುವಾಗ ಕಿಟಕಿ ಕಡೆ ನೋಡುತ್ತಿದ್ದರು.

ಮಾರ್ಚ್ 8, ಶನಿವಾರ

ಮಾಡಿದೆ.

ಅಕ್ಕ ಅಡುಗೆಮನೆಯಲ್ಲಿದ್ದಳು. ಕೈ ಒರೆಸಿಕೊಂಡು ಬಂದು ಹಾಳೆ ಓದಿದಳು. ಎರಡು ಸಲ. "ರಿಹರ್ಸಲ್ಲಾ?" ಅಂದಳು. ನಾನು ಸಹಿ ಮೊದಲು, ಮಂಗಳವಾರ ಅವನೇ ಬರುತ್ತಾನೆ, ಆರೂ ಜನದ ಮುಂದೆ ಹೇಳುತ್ತಾನೆ, ಮೇಡಂ ಮಾತು ಕೊಟ್ಟಿದ್ದಾರೆ ಎಂದೆಲ್ಲ ಹೇಳಿದೆ. ಉಸಿರು ಬಿಡದೆ ಹೇಳಿದೆ. ಕೆಲಸದಲ್ಲಿ ಹೇಳುವ ಹಾಗೆಯೇ.

"ನಿಮ್ಮ ಮೇಡಂ ಮಾತು ಕಟ್ಕೊಂಡು ನಂಗೇನು? ನೀನು ಹೇಳು. ಬರ್ತಾನಾ?"

"ಬರ್ತಾನೆ."

"ಸರಿ. ನೀನು ಹೇಳ್ತಿದ್ದೀಯ ಅಂತ ಹಾಕ್ತೀನಿ."

ಹಾಕಿದಳು. ಅವಳ ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವಳು ತಟ್ಟನೆ ತಿರುಗಿ ಒಳಗೆ ಹೋದಳು. ಕಾಲೇಜಿನ ಹುಡುಗಿ, ಎಲ್ಲ ಗೊತ್ತಾಗುತ್ತದೆ. ಕಿಟಕಿ ಕಡೆ ನೋಡುತ್ತ ಕೊಟ್ಟ ಮಾತನ್ನು ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು ದಾಟಿಸಿ ಬಂದಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ 10, ಸೋಮವಾರ, ಮಧ್ಯಾಹ್ನ 2

ಕ್ರಮವಾಗಿ ಬರೆಯುತ್ತೇನೆ.

ಅಕ್ಕನ ಹೇಳಿಕೆ, ಸಹಿ ಸಮೇತ, ಬೆಳಿಗ್ಗೆಯೇ ಎಲ್ಲ ಪೇಪರಿನಲ್ಲೂ ಬಂತು. ಒಂಬತ್ತೂವರೆಗೆ ಆಫೀಸಿನಲ್ಲಿ ಹಾಳೆ ಕತ್ತರಿಸುತ್ತಿದ್ದೆ. ಆಗಲೇ ಅಕ್ಕನ ಮಗಳ ಫೋನ್. ಅಮ್ಮನ ಕಿವಿಯ ತಮಟೆ ಹರಿದಿದೆ ಎಂದರಂತೆ ಡಾಕ್ಟರ್. "ರಿಹರ್ಸಲ್‌ನಲ್ಲಿ ಹರಿಯುತ್ತಾ ಚಿಕ್ಕಿ?" ಎಂದು ಕೇಳಿ ಇಟ್ಟುಬಿಟ್ಟಳು. ಭುಜಕ್ಕೆ ಫೋನ್ ಸಿಕ್ಕಿಸಿಕೊಂಡೇ ಒಂದು ಪಟ್ಟಿಯನ್ನು ಷ್ರೆಡರಿಗೆ ಹಾಕಿದೆ, ಇನ್ನೊಂದನ್ನು ಮರಿಯ ಫೈಲಿಗೆ ಸೇರಿಸಿದೆ. ಎಡ ಯಾವುದು, ಬಲ ಯಾವುದು... ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಲಿಲ್ಲ.

ಹನ್ನೊಂದಕ್ಕೆ ಮರಿ ಮೈಕ್ ಮುಂದೆ ಕೂತ. ಫೈಲ್ ತೆರೆದ. ಗಂಟಲು ಸರಿಮಾಡಿಕೊಂಡ.

"ನನ್ನ ವಿಗ್ ಅಂಚು ಕಾಣುತ್ತೆ ಅಂದಳು. ಪಕ್ಕದವರು ನಕ್ಕರು. ನನಗೆ ಅವಮಾನ ಆಯ್ತು. ಹೊಡೆದೆ."

ಮರಿ ಒಮ್ಮೆ ನಿಲ್ಲಿಸಿ ಮೇಡಂ ಕಡೆ ನೋಡಿದ. ಅಷ್ಟು ಕ್ಯಾಮೆರಾಗಳ ಮುಂದೆ ಮೇಡಂಗೆ ಅಲ್ಲಾಡಲೂ ಆಗುತ್ತಿರಲಿಲ್ಲ. ಸರಿಯಾಗಿಯೇ ಹೋಗುತ್ತಿದೆ ಎಂದುಕೊಂಡನೋ ಏನೋ, ದನಿ ಇನ್ನಷ್ಟು ತಗ್ಗಿಸಿದ. ಕಣ್ಣಲ್ಲಿ ನೀರು ತಂದುಕೊಂಡ.

"ಜೋರಾಗೇ ಹೊಡೆದೆ. ಅವಳದ್ದೇನೂ ತಪ್ಪಿರಲಿಲ್ಲ. ಆಮೇಲೆ ಭಯ ಆಗಿ ಅಮ್ಮನಿಗೆ ಫೋನ್ ಮಾಡಿದೆ."

ನೆಲ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

ಸಂಜೆ 6

ಎಲ್ಲ ಚಾನೆಲ್ಲಿನಲ್ಲೂ ಮರಿ. "ಇಂಥ ಪ್ರಾಮಾಣಿಕತೆ ಯಾರಿಗಿದೆ?" "ತಪ್ಪು ಒಪ್ಪಿಕೊಂಡ ಗಂಡಸು." ಮೇಡಂಗೆ ಅಭಿನಂದನೆಯ ಸುರಿಮಳೆ, ಎಂಥ ಐಡಿಯಾ ಮೇಡಂ ಎಂದು. ಕೆಲಸದಿಂದ ತೆಗೆಯುತ್ತಾರೆಂದು ಕಾದು ಕೂತಿದ್ದೆ. ಬಂದು ಬೆನ್ನು ತಟ್ಟಿದರು. "ಇದು ನಾವು ಬೇಕಂತ್ಲೇ ಮಾಡಿದ್ದು. ಗೊತ್ತಾಯ್ತಾ?"

ಒಂದು ಕ್ಷಣ ನನಗೂ ಹಾಯೆನಿಸಿತು. ನಿಜ ಹೊರಗೆ ಬಂತಲ್ಲ, ಅಕ್ಕನಿಗೆ ನ್ಯಾಯ ಸಿಕ್ಕಿತಲ್ಲ ಅಂದುಕೊಂಡೆ. ದಡ್ಡಿ ನಾನು.

ಮಾರ್ಚ್ 11, ಮಂಗಳವಾರ

ಹೀರೋ ನಿಜ ಹೇಳಿದ ಮೇಲೆ ಸುಳ್ಳು ಹೇಳಿದವರು ಯಾರು? ರಿಹರ್ಸಲ್ ಎಂದು ಸಹಿ ಹಾಕಿದವಳು. ಎಲ್ಲ ಪೇಪರಿನಲ್ಲೂ ಅಕ್ಕನ ಸಹಿ ದೊಡ್ಡದು ಮಾಡಿ ಹಾಕಿದ್ದಾರೆ. ಸುತ್ತ ಕೆಂಪು ಗೆರೆ. "ಇವಳಿಗೇನು ಬಂದಿತ್ತು ರೋಗ?" "ಹೊಡೆಸಿಕೊಂಡೂ ಬಾಲ ಅಲ್ಲಾಡಿಸುವ ಜಾತಿ." ಕಾಮೆಂಟು ಓದಿ ಓದಿ ಫೋನ್ ಮಗುಚಿ ಇಟ್ಟೆ.

ಮರಿ ಮೇಕಪ್ ರೂಮಿಗೆ ಬರಲಿಲ್ಲ. "ಊರಿಗೆಲ್ಲ ಹೇಳಿ ಆಯ್ತಲ್ಲ, ಇನ್ನು ಅವಳಿಗೆ ಬೇರೆ ಹೇಳ್ಬೇಕಾ?" ಎಂದನಂತೆ. ಅಕ್ಕ ಕೆಲಸಕ್ಕೆ ಹೋಗಿದ್ದಳು. ಆ ಆರು ಜನವೂ ಇದ್ದರಂತೆ. ಯಾರೂ ಮಾತಾಡಿಸಲಿಲ್ಲವಂತೆ. ಒಬ್ಬ ಮಾತ್ರ, "ನಾವೂ ಸಾಕ್ಷಿ ಹೇಳೋಕೆ ರೆಡಿ ಇದ್ವಿ, ನೀವೇ ಹಿಂಗ್ ಮಾಡ್ಬಿಟ್ರಿ," ಎಂದನಂತೆ. ಇದೆಲ್ಲ ಹೇಳಿದ್ದು ಮಗಳು. ಅಕ್ಕ ನನ್ನ ಫೋನ್ ತೆಗೆಯುತ್ತಿಲ್ಲ.

ಮೇಡಂ ಹತ್ತಿರ ಹೋದೆ. ಸಹಿ ಹಾಕಿಸಿದ್ದು ನಾವು ಎಂದು ಒಂದು ಸಾಲು ಕೊಡೋಣ ಎಂದೆ.

"ಕಥೆ ಚೆನ್ನಾಗ್ ನಿಂತಿದೆ. ಈಗ ಯಾಕೆ ಅಲ್ಲಾಡಿಸ್ತೀಯ? ಎರಡು ವಾರ ಆದ್ರೆ ಜನ ಮರೀತಾರೆ."

"ಅಕ್ಕ ಮರೆಯಲ್ಲ ಮೇಡಂ."

"ಅದು ನಿಮ್ಮನೆ ವಿಷ್ಯ."

ಮಾರ್ಚ್ 15, ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆದೆ, ಇಲ್ಲಿ ಅಲ್ಲ. ಎಲ್ಲ ಪೇಪರಿಗೂ ನನ್ನ ಹೆಸರಿನಲ್ಲೇ ಕಳಿಸಿದೆ. ಸಹಿ ಹಾಕಿಸಿದವಳು ನಾನು. ರಿಹರ್ಸಲ್ ಎಂಬುದು ಸುಳ್ಳು. ಆಕೆಗೆ ಸುಳ್ಳು ಭರವಸೆ ಕೊಟ್ಟು ಒಪ್ಪಿಸಿದೆ. ಒಂದೇ ಒಂದು ಪೇಪರ್ ಹಾಕಿತು. ಒಳಪುಟ, ನಾಲ್ಕು ಸಾಲು, ಪಕ್ಕದಲ್ಲಿ ನೀರಿನ ಮೋಟರಿನ ಜಾಹೀರಾತು. ಉಳಿದವರಿಗೆ ಪ್ರಾಮಾಣಿಕ ಮರಿಯೇ ಬೇಕು.

ಮೇಡಂ ಬೈಯಲಿಲ್ಲ. ಕೀ ಇಸಿದುಕೊಂಡರು. ಹನ್ನೊಂದು ವರ್ಷದ ಮೇಜು ಖಾಲಿ ಮಾಡಲು ಹತ್ತು ನಿಮಿಷ ಹಿಡಿಯಲಿಲ್ಲ. ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ... ಸುಳ್ಳು. ಚೆನ್ನಾಗಿ ಗೊತ್ತು.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 11.20

ಬಸ್ ಸ್ಟಾಪಿನ ಕಲ್ಲುಬೆಂಚು. ಎದುರಿಗೇ ಅಕ್ಕನ ಮನೆ. ಹತ್ತು ನಿಮಿಷದ ಹಿಂದೆ ಅಲ್ಲಿಂದ ಎದ್ದು ಬಂದೆ.

ಬಾಗಿಲು ತೆರೆದಳು. ಬೈಯಲಿಲ್ಲ. ಬಾ ಅಂದಳು. ಕಿವಿಗೆ ಹತ್ತಿ ಇಟ್ಟಿದ್ದಾಳೆ, ಬಲಗಡೆ ಕೂತುಕೋ, ಈ ಕಡೆ ಕೇಳಿಸಲ್ಲ ಅಂದಳು. ಕೂತೆ. ಪೇಪರ್ ನೋಡಿದೆಯಾ ಎಂದೆ.

"ನೋಡ್ದೆ. ಚೆನ್ನಾಗ್ ಬರ್ದಿದ್ದೀಯ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವಳಿಗೆಂದೇ ಇನ್ನೊಂದು ಬರೆದುಕೊಂಡು ಹೋಗಿದ್ದೆ. ಎರಡು ಪುಟ, ಮೂರು ಸಲ ತಿದ್ದಿದ್ದು. ಬ್ಯಾಗಿನಿಂದ ತೆಗೆದೆ. ಅಕ್ಕ ಕೈ ಹಿಡಿದಳು.

"ಓದ್ಬೇಡ. ಹೇಳು."

ಬಾಯಿ ತೆರೆದೆ. ಊರವರ ತಪ್ಪಿಗೆಲ್ಲ ಮಾತು ಹೊಂದಿಸಿಕೊಟ್ಟವಳಿಗೆ ನನ್ನ ತಪ್ಪಿಗೆ ಒಂದು ಮಾತು ಬರಲಿಲ್ಲ. ಅಕ್ಕ ಕಾದಳು. ಮಗಳು ನೀರು ತಂದಿಟ್ಟು ಹೋದಳು. ಕಣ್ಣು ಹಾಳೆಯ ಕಡೆಗೇ ಹೋಗುತ್ತಿತ್ತು. ಕಾಗದವಿಲ್ಲದೆ ಬಾಯಿ ಬಿಡಲಾಗದ ಮರಿಯನ್ನು ಆಡಿಕೊಂಡು ನಗುತ್ತಿದ್ದವಳು ನಾನೇ ತಾನೇ? ಕೊನೆಗೆ, ಆಮೇಲೆ ಬರ್ತೀನಿ ಎಂದು ಎದ್ದೆ. "ಹೂಂ," ಅಂದಳು. ಬಾಗಿಲು ಹಾಕಲಿಲ್ಲ. ಇಲ್ಲಿಂದ ಕಾಣುತ್ತಿದೆ, ಇನ್ನೂ ತೆರೆದೇ ಇದೆ.

ಎರಡು ಬಸ್ ಬಿಟ್ಟೆ.

ಏನು ಹೇಳಬೇಕೆಂದು ಇಲ್ಲಿ ಬರೆದುಕೊಂಡು ಹೋಗೋಣವೆಂದೇ ಈ ಪುಸ್ತಕ ತೆಗೆದದ್ದು. ಅಕ್ಕಾ, ನಾನು ನಿನಗೆ... ಎಂದು ಶುರುಮಾಡಿ... ಇಲ್ಲ. ಬರೆದರೆ ಅದೂ ಓದಿದ ಹಾಗೆಯೇ ಆಗುತ್ತದೆ. ಬಂದದ್ದು ಬರಲಿ. ತೊದಲಿದರೆ ತೊದಲಿದೆ. ಬರೆದದ್ದು ಸಾಕು. ಈಗಲೇ ಎದ್ದು, ರಸ್ತೆ ದಾಟಿ, ಅವಳ ಬಲಗಡೆ ಕೂತು —