ನೇಹಾನ ಸೈಕಲ್ಲಿನ ಮುಂದಿನ ಬ್ರೇಕು

ಏನ್ರಿ,

ನಿಮ್ಮ ಮಗಳನ್ನ ಕರಕೊಂಡು ಗದ್ದದ ಹೊಲಿಗಿ ಬಿಚ್ಚಸಾಕ ಜಹೀರಾಬಾದಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅವ. ಪಲ್ಯ ನೀವೇ ಬಿಸಿ ಮಾಡ್ಕೊಳ್ರಿ.

ಸೈಕಲ್ ದುಕಾನಕ್ಕ ಕೊಟ್ಟೀನಿ. ನೀವು ಬಿಚ್ಚಿ ಡಬ್ಬ್ಯಾಗ ಇಟ್ಟಿದ್ದ ಮುಂದಿನ ಬ್ರೇಕೂ ಕೊಟ್ಟೀನಿ, ದುಕಾನದವ ಹಾಕ್ತಾನ. ಕಂಗ್ಟಿ ರಸ್ತಾದಾಗ ಒಮ್ಮೆ ಅದನ್ನ ಗಪ್ಪನೆ ಹಿಡಿದು ಬಿದ್ದವರು ನೀವು. ಅದು ನಿಮ್ಮ ಕೈ ತಪ್ಪು, ಬ್ರೇಕಿಂದಲ್ಲ. ಪೋರಿಗೆ ಹಿಂದಿನದೊಂದೇ ಸಾಕು ಅಂದ್ರಿ. ಇಳಿಜಾರಿನಾಗ ಅದು ಸಾಕಾಗಲಿಲ್ಲ, ಹೋಗಿ ಟ್ರ್ಯಾಕ್ಟರ್ ಟ್ರಾಲಿಗೆ ಬಡದ್ಳು.

ಮತ್ತ ಬಿಚ್ಚಬ್ಯಾಡ್ರಿ. ಎರಡೂ ಕೂಡಿಸಿ ಮೆಲ್ಲಕ ಹಿಡಿಯೋದು ದುಕಾನದವ ಆಕಿಗೆ ಕಲಿಸ್ತಾನ. ನೀವೂ ಹೋಗಿ ಕಲೀರಿ.

ಅವತ್ತ ಹೊಲಿಗಿ ಹಾಕೋವಾಗ ಡಾಕ್ಟರ್ ಕೇಳಿದ್ರ, "ಬ್ರೇಕ್ ಹಿಡಿಯೋದು ನಾನೇ ಮರತೆ" ಅಂದ್ಳು ನೇಹಾ. ನಾನೂ ಹೂಂ ಅಂದೆ. ಸಂಜಿಗೆ ಬರ್ತೀವಿ. ತಪ್ಪು ಯಾರದಂತ ಆಕಿಗೆ ನೀವೇ ಹೇಳ್ರಿ.